ಖಾಲಿ ಜೀನು

— ಕಾಕಾ, ಜುಲೈ 26ಕ್ಕ, ಕಾರ್ಗಿಲ್ ವಿಜಯ ದಿನ, ನಮ್ಮೂರ ಹುಡುಗರು ಮೆರವಣಿಗಿ ತೆಗೀತಾರಂತ. ಹುತಾತ್ಮ ಸೈನಿಕರ ಫೋಟೊ ಟ್ರ್ಯಾಕ್ಟರಿನ್ಯಾಗ ಇಟ್ಟು, ಅದರ ಮುಂದ ಒಂದು ಕುದುರಿ ನಡಸಬೇಕು ಅನ್ನೂದು ಅವರ ಆಸೆ. ಕುದುರಿ ಮ್ಯಾಲ ಯಾರೂ ಕೂಡ್ರಂಗಿಲ್ಲ. ಜೀನು ಖಾಲಿ, ರಿಕಾಬಿನ್ಯಾಗ ಬೂಟು ಹಿಂದಮುಂದ ಮಾಡಿ ಸಿಗಿಸಿರತಾರ. ಅಮೆರಿಕದಾಗ ಹಂಗ ಮಾಡೂದನ್ನ ಮೊಬೈಲಿನ್ಯಾಗ ನೋಡ್ಯಾರ. ನಿಮ್ಮನ್ನ ಒಂದು ಮಾತು ಕೇಳಿ ಬರ್ರಿ ಅಂತ ನನ್ನ ಕಳಿಸ್ಯಾರ.

— ಕುದುರಿ ಎಲ್ಲಿಂದ ತರತಾರಂತ?

— ಇಳಕಲ್ಲಿನಾಗ ಮದುವಿ ಮೆರವಣಿಗಿಗೆ ಬಾಡಿಗಿ ಕೊಡವರು ಒಬ್ಬರದಾರ. ಬಿಳೀ ಕುದುರಿ.

— ಬ್ಯಾಡ ಅಂತ ಹೇಳು.

— ಪೂರ್ತಿ ಕೇಳದ ಬ್ಯಾಡ ಅಂದ್ರ ಹೆಂಗ್ರಿ ಕಾಕಾ? ಸೈನ್ಯದಾಗ ನಿಮ್ಮ ಸರ್ವಿಸ್ ಎಲ್ಲಾ ಪ್ರಾಣಿ ಮ್ಯಾಲ ಸಾಮಾನು ಸಾಗಸೂ ಎ.ಟಿ. ಕಂಪನ್ಯಾಗ ಹೇಸರಗತ್ತಿ, ಕುದುರಿ ಜೋಡಿ ಕಳೀತು. ನಮ್ಮೂರಾಗ ಈ ವಿಷಯ ನಿಮ್ಮಷ್ಟು ತಿಳದವರು ಯಾರದಾರ?

— ತಿಳದದ್ದಕ್ಕ ಬ್ಯಾಡ ಅಂದೆ ತಂಗಿ. ಕುದುರಿ ಕಣ್ಣು ತಲಿಯ ಎರಡೂ ಬಾಜೂಕ ಅದಾವ. ಮುಂದಿನದು, ಮಗ್ಗಲದು, ಹಿಂದಿನದು ಎಲ್ಲಾ ಅದಕ್ಕ ಕಾಣತೈತಿ. ಮೂಗಿನ ಮುಂದ ಸ್ವಲ್ಪ, ಬಾಲದ ಹಿಂದ ಸ್ವಲ್ಪ, ಅಷ್ಟೇ ಕಾಣಂಗಿಲ್ಲ. ನೀವು ಅದನ್ನ ಜನರ ನಡುವ ನಿಲ್ಲಿಸಿ ಡಿ.ಜೆ. ಹಚ್ಚತೀರಿ, ಪಟಾಕಿ ಹಾರಸತೀರಿ. ಅದರ ಹಿಂದ ಟ್ರ್ಯಾಕ್ಟರ್ ಇಂಜಿನ್ ಗುರ್ ಅಂತಿರತೈತಿ. ಕಾಣದ ಜಾಗಾದಿಂದ ಸಪ್ಪಳ ಬಂದ್ರ ಅದಕ್ಕ ಗೊತ್ತಿರೂದು ಒಂದ ದಾರಿ, ಓಡೂದು. ಓಡಾಕ ಆಗಲಿಲ್ಲ ಅಂದ್ರ ಒದೀತೈತಿ. ಮದುವಿ ಕುದುರಿ ಸಪ್ಪಳಕ್ಕ ಹೊಂದಿಕೊಂಡೈತಿ ಅಂತ ಮಾಲಕ ಹೇಳತಾನ. ಹೊಂದಿಕೊಂಡಿರಂಗಿಲ್ಲ ಅದು. ಸಾಕಾಗಿ ಕಿವಿ ಕೆಳಗ ಬಿಟ್ಟು ನಿಂತಿರತೈತಿ.

— ಮೈಸೂರಾಗ ದಸರಾಕ್ಕ ಪೊಲೀಸರ ಅಶ್ವದಳ ಬರತೈತಲ್ರಿ. ಲಕ್ಷಗಟ್ಲೆ ಜನ, ತೋಪಿನ ಸಪ್ಪಳ. ಆ ಕುದುರಿಗಳು ಹೆಂಗ ತಡಕೋತಾವ?

— ತಾಲೀಮು ಕೊಟ್ಟಿರತಾರ. ದಸರಾಕ್ಕ ಇನ್ನೂ ದಿನ ಇರೂವಾಗನ ಆನಿ, ಕುದುರಿ ಎಲ್ಲಾನೂ ಬಯಲಿಗೆ ತಂದು ನಿಲ್ಲಿಸಿ ಕುಶಾಲತೋಪು ಹಾರಸತಾರ. ಮೊದಲನೇ ಸಲ ಬೆದರತಾವ. ಮಾವುತ, ಸವಾರ ಮಗ್ಗಲಕ ನಿಂತು ಮೈ ಸವರತಾರ. ಮತ್ತ ಹಾರಸತಾರ. ಹಿಂಗ ನಾಕಾರು ಸಲ ಆದ ಮ್ಯಾಲ ಈ ಸಪ್ಪಳದಿಂದ ತನಗ ಪೆಟ್ಟಾಗಂಗಿಲ್ಲ ಅಂತ ಅದಕ್ಕ ಖಾತ್ರಿ ಆಗತೈತಿ. ಆ ಖಾತ್ರಿ ಸಪ್ಪಳದ್ದಲ್ಲ ತಂಗಿ, ಮಗ್ಗಲಕ ನಿಂತ ಮನಿಷ್ಯಾಂದು. ಒಂದು ದಿನದ ಬಾಡಿಗಿ ಕುದುರಿಗೆ ಆ ಮನಿಷ್ಯಾನ್ನ ಎಲ್ಲಿಂದ ತರತೀರಿ?

— ತಾಲೀಮು ಇದ್ದದ್ದಕ್ಕೂ ಹಂಗ ಆಗತೈತಿ ಅನ್ರಿ. 1963ರ ನವೆಂಬರಿನ್ಯಾಗ ಅಮೆರಿಕದ ಅಧ್ಯಕ್ಷ ಕೆನಡಿಯವರ ಅಂತ್ಯಯಾತ್ರೆಯೊಳಗ ಬ್ಲ್ಯಾಕ್ ಜ್ಯಾಕ್ ಅನ್ನೂ ಕರೀ ಕುದುರಿ ನಡೀತು. ಖಾಲಿ ಜೀನು, ತಿರುವಿದ ಬೂಟು. ಅದು ಒಂದು ಕ್ಷಣ ಸುಮ್ಮನ ನಿಲ್ಲಲಿಲ್ಲ. ತಲಿ ಝಾಡಿಸತಿತ್ತು, ಅಡ್ಡಡ್ಡ ಹೆಜ್ಜಿ ಹಾಕತಿತ್ತು. ಲಗಾಮು ಹಿಡಿದ ಸಣ್ಣ ವಯಸ್ಸಿನ ಸೈನಿಕ ಮುಖ ಬಿಗಿ ಹಿಡಕೊಂಡು ನೇರ ನಡದ. ಉಳಿದದ್ದೆಲ್ಲಾ ಅಳತಿ ಹಾಕಿದಂಗ ನಡದ ಮೆರವಣಿಗ್ಯಾಗ ಆ ಕುದುರಿ ಒಂದ ಅಳತಿ ಮೀರಿತ್ತು. ನೋಡಿದವರು ಇವತ್ತಿಗೂ ಅದನ್ನ ಮರತಿಲ್ಲ. ದೇಶದ ತಳಮಳ ಅದರ ಮೈಯಾಗ ಬಂದಂಗಿತ್ತು ಅಂತ ಭಾಳ ಮಂದಿ ಹೇಳ್ಯಾರ.

— ಹೇಳತಾರ. ಅವರಿಗೆ ತಳಮಳ ಕಂಡಿತು. ಕುದುರಿಗೆ ಏನಾಗತಿತ್ತು ಅಂತ ಕೇಳಿದವರು ಎಷ್ಟು ಮಂದಿ? ಆದ್ರೂ ಒಂದು ಮಾತು ಒಪ್ಪತೀನಿ. ಆ ಕುದುರಿಗೆ ಮನಿ ಇತ್ತು, ನೋಡಿಕೊಳ್ಳಾಕ ಮಂದಿ ಇದ್ದರು. ಅದು 1976ರಾಗ ಸತ್ತಾಗ ಅಲ್ಲೇ ಫೋರ್ಟ್ ಮೈಯರ್ ಅನ್ನೂ ಸೈನ್ಯದ ನೆಲಿಯೊಳಗ ಗೌರವದಿಂದ ಮಣ್ಣು ಮಾಡಿದರು. ಮತ್ತ ಬೂಟು ಯಾಕ ತಿರವತಾರ ಅಂತ ನಿನಗ ಗೊತ್ತೇನು?

— ಸವಾರ ಇನ್ನ ಏರೂದಿಲ್ಲ ಅಂತ. ಹೋಗೂ ಮುಂದ ತನ್ನ ದಂಡನ್ನ ಒಂದ ಸಲ ಹಿಂತಿರುಗಿ ನೋಡತಾನ ಅಂತನೂ ಹೇಳತಾರ.

— ನಮ್ಮಾಗ ಬಂದೂಕ ತಿರವತಾರ. ‘ಶೋಕ ಶಸ್ತ್ರ’ ಅಂತ ಹುಕುಂ ಆದ ಕೂಡಲೇ ನಳಿಗಿ ಕೆಳಗ ಮಾಡಿ, ಹಿಡಿಕಿ ಮ್ಯಾಲ ಕೈ ಇಟ್ಟು, ತಲಿ ಬಗ್ಗಿಸಿ ನಿಲ್ಲೂದು. ನಾ ನಿಂತೇನಿ. ಬಂದೂಕ ತಿರವಿದರ ಬಂದೂಕಿಗೆ ಏನೂ ಆಗಂಗಿಲ್ಲ. ಅದು ಕಬ್ಬಿಣ. ಕುದುರಿ ಜೀವ ಐತಿ. ಯಾರೋ ಸತ್ತಾರ, ಇವತ್ತ ನಾ ಗಂಭೀರ ನಡೀಬೇಕು ಅಂತ ಅದಕ್ಕ ಗೊತ್ತಿರಂಗಿಲ್ಲ. ನಮ್ಮ ದುಃಖ ಅದರ ಬೆನ್ನ ಮ್ಯಾಲ ಹೇರತೀವಿ. ಹೇರೂ ಮುಂದ ಬೆನ್ನು ನೋಡಬೇಕಲ್ಲ?

— ಅದಕ್ಕ ನಾ ಬ್ಯಾರೆ ಕಡಿಂದ ಬರತೀನಿ ಕಾಕಾ. ಇದು ಅಮೆರಿಕದವರ ಪದ್ಧತಿ, ನಮಗ್ಯಾಕ ಬೇಕು ಅಂತ ಊರಾಗ ಒಬ್ಬಿಬ್ಬರು ಅಂದಾರ. ನಾ ಒಪ್ಪೂದಿಲ್ಲ. ಸವಾರ ಇಲ್ಲದ ಕುದುರಿ ನಮ್ಮ ಕಡೆ ಹೊಸಾದಲ್ಲ. ಅಲೈ ಹಬ್ಬದಾಗ ರಿವಾಯತ ಹಾಡವರು ಏನು ಹಾಡತಾರ? ಕರ್ಬಲಾದ ಕತಿ. ಕ್ರಿ.ಶ. 680ರಾಗ ಹುಸೇನರು ಬಿದ್ದ ಮ್ಯಾಲ ಅವರ ಕುದುರಿ ಜುಲ್ಜನಾ ಒಂದ ಡೇರೆಗೆ ತಿರುಗಿ ಬಂತು. ಖಾಲಿ ಜೀನು ಕಂಡ ಹೆಣ್ಣುಮಕ್ಕಳಿಗೆ ಬ್ಯಾರೆ ಯಾರೂ ಬಂದು ಸುದ್ದಿ ಹೇಳಬೇಕಾಗಲಿಲ್ಲ. ಹೈದರಾಬಾದ್, ಲಖನೌದಾಗ ಮೊಹರಂ ಮೆರವಣಿಗಿಗೆ ಇವತ್ತಿಗೂ ಜೀನು ಹಾಕಿದ ಕುದುರಿ ತರತಾರ. ಮ್ಯಾಲ ಯಾರೂ ಇರಂಗಿಲ್ಲ. ಜನ ಅದರ ಮೈ ಮುಟ್ಟಿ ಅಳತಾರ. ನಮ್ಮ ಹುನಗುಂದ, ಇಳಕಲ್ಲ, ಬಾದಾಮಿ ಕಡೆ ಹಳ್ಳ್ಯಾಗ ಪಂಜಾ ಹಿಡಿದು, ಹೆಜ್ಜಿ ಹಾಕಿ ಆ ಕತಿ ಹಾಡವರೊಳಗ ಅರ್ಧಕ್ಕರ್ಧ ಲಿಂಗಾಯತರು, ಕುರುಬರು, ಬ್ಯಾಡರು. ನೀವೂ ಹುಡುಗರಿದ್ದಾಗ ಹೆಜ್ಜಿ ಹಾಕೀರಿ.

— ಹಾಕೇನಿ. ಕುದುರಿ ಬಂದು ಡೇರೆ ಮುಂದ ನಿಲ್ಲೂ ಕಡೆ ಹಾಡವನ ಧ್ವನಿ ಇಳೀತಿತ್ತು. ನಮ್ಮವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಲ್ಲತಿದ್ದಳು. ಕರ್ಬಲಾ ಎಲ್ಲೈತಿ ಅಂತ ಆಕಿಗೆ ಗೊತ್ತಿರಲಿಲ್ಲ. ತಿರುಗಿ ಬಂದ ಕುದುರಿ ಮಾತ್ರ ಆಕಿಗೆ ಪೂರಾ ತಿಳೀತಿತ್ತು. ಆದರ ಇದನ್ನೂ ನೋಡು. ಆ ಮೆರವಣಿಗಿ ಕುದುರಿನ ಭಾಳ ಕಡೆ ವರ್ಷಪೂರ್ತಿ ಯಾರೂ ಹತ್ತಂಗಿಲ್ಲ, ದುಡಸಂಗಿಲ್ಲ. ಅದಕ್ಕಂತನ ಸಾಕಿರತಾರ. ಒಂದು ದಿನ ಖಾಲಿ ಜೀನು ಹೊರೂದಕ್ಕ ವರ್ಷದ ಮೇವು, ವರ್ಷದ ಮರ್ಯಾದಿ. ನಿಮ್ಮ ಹುಡುಗರು ಕುದುರಿನ ಸಂಜಿಕ ತಿರುಗಿ ಕಳಿಸಿದ ಮ್ಯಾಲ ರಾತ್ರಿ ಅದು ಮತ್ತ ಮದುವಿಗೆ ಹೋಗೂದೈತಿ.

— ಬಾದಾಮಿಯಾಗೂ ಒಂದು ಐತ್ರಿ. ಬಂಡಿಗಲ್ಲಿನ ಮ್ಯಾಲ ಶಕ 465, ಅಂದ್ರ ಕ್ರಿ.ಶ. 543ರ ಶಾಸನ. ಮೊದಲನೇ ಪುಲಕೇಶಿ ವಾತಾಪಿ ಗುಡ್ಡಕ್ಕ ಕ್ವಾಟಿ ಕಟ್ಟಿಸಿದ, ಅಶ್ವಮೇಧ ಮಾಡಿದ ಅಂತ ಅದರಾಗ ಐತಿ. ಚಾಲುಕ್ಯರ ಕತಿ ಶುರುವಾಗೂದ ಸವಾರ ಇಲ್ಲದ ಕುದುರಿಯಿಂದ. ಮುಂದ ಕುದುರಿ, ಹಿಂದ ದಂಡು. ಅದು ಕಾಲಿಟ್ಟ ನೆಲಾ ರಾಜಂದು.

— ಕಡೀಕ ಅದನ್ನ ಏನು ಮಾಡತಾರ?

— ಬಲಿ ಕೊಡತಾರ.

— ಅದು ರಾಜನ ದೊಡ್ಡಸ್ತನಕ್ಕ ತಿರುಗಿದ ಕುದುರಿ. ಇದು ಸತ್ತವನ ಹಿಂದ ನಡಿಯೂ ಕುದುರಿ. ಎರಡೂ ಕಡೆ ಸವಾರ ಇಲ್ಲ, ಆದರ ಒಂದನ್ನ ಇನ್ನೊಂದರ ಜೋಡಿ ಇಡಬ್ಯಾಡ. ನಮ್ಮ ಕಡೆದ್ದು ಅಂತ ಹೇಳೂದಿದ್ರ ಅಗಸಿ ಕಲ್ಲಿನ ಮಾತು ಹೇಳು.

— ಅಲ್ಲಿಗೇ ಬರತಿದ್ದೆ. ಕಾಲೇಜ ಮಕ್ಕಳನ್ನ ಐಹೊಳಿಗೆ ಕರಕೊಂಡು ಹೋದಾಗ ದುರ್ಗಗುಡಿ ಆವರಣದ ಮ್ಯೂಸಿಯಂ ಕಡೆ ಇಟ್ಟ ವೀರಗಲ್ಲು ತೋರಸತೀನಿ. ಆದ್ರ ನನಗ ವೀರಗಲ್ಲು ಓದಾಕ ಕಲಿಸಿದ್ದು ನಮ್ಮ ಹಳೇ ಊರ ಅಗಸಿ ಕಲ್ಲು. ಮೂರು ಪಟ್ಟಿ. ತಳದ ಪಟ್ಟ್ಯಾಗ ಯುದ್ಧ. ವೀರ ಕುದುರಿ ಮ್ಯಾಲ ಕುಂತು ಈಟಿ ಎತ್ಯಾನ, ಎದುರಿನ ಕಾಲಾಳು ಡಾಲು ಹಿಡಿದು ಕುದುರಿ ಎದಿ ಕೆಳಗ ಬಗ್ಗ್ಯಾನ. ಕುದುರಿಯ ಮುಂಗಾಲು ಎತ್ತೈತಿ. ಕೊಳ್ಳಾಗ ಗೆಜ್ಜಿಸರ, ಒಂದೊಂದು ಗೆಜ್ಜಿನೂ ಬ್ಯಾರೆ ಬ್ಯಾರೆ ಕೆತ್ತ್ಯಾನ. ಕಡಿವಾಣ ಎಳದದ್ದಕ್ಕ ಬಾಯಿ ತುಸು ತೆರದೈತಿ, ಒಳಗ ಹಲ್ಲಿನ ಸಾಲು ಕಾಣತೈತಿ. ವೀರನ ಮುಖ ಸವದು ಹೋಗೈತಿ, ಕುದುರಿ ಹಲ್ಲು ಇನ್ನೂ ಉಳದಾವ. ನಡುವಿನ ಪಟ್ಟ್ಯಾಗ ಇಬ್ಬರು ಅಪ್ಸರೆಯರು ವೀರನ ತೋಳು ಹಿಡಿದು ಮ್ಯಾಲ ಒಯ್ಯಾಕ ಹತ್ಯಾರ. ಮ್ಯಾಲಿನ ಪಟ್ಟ್ಯಾಗ ಶಿವಲಿಂಗ, ಪೂಜಾರಿ, ಕೈ ಮುಗಿದು ಕುಂತ ವೀರ. ತುದಿಗೆ ಸೂರ್ಯ ಚಂದ್ರ.

— ಎಲ್ಲಾರೂ ಹಿಂಗ ಹೇಳತಾರ. ಇನ್ನೂ ಒಂದು ಹೇಳೂದು ಬಿಟ್ಟಿ.

— ಏನ್ರಿ?

— ಕುದುರಿ ನಡುವಿನ ಪಟ್ಟ್ಯಾಗ ಐತೇನು?

— ಇಲ್ಲ.

— ಮ್ಯಾಲಿನದರಾಗ?

— ಅಲ್ಲೂ ಇಲ್ಲ. ನಾ ನೋಡಿದ ಕಲ್ಲಿನ್ಯಾಗ ಎಲ್ಲೂ ನೋಡಿಲ್ಲ. ಸವಾರ ಕೈಲಾಸಕ್ಕ ಹೋಗತಾನ, ಕುದುರಿ ಯುದ್ಧದ ಪಟ್ಟ್ಯಾಗ ಉಳೀತೈತಿ.

— ಅದ ಖಾಲಿ ಜೀನು. ಕಲ್ಲುಕುಟಿಗ ಬೂಟು ತಿರುವಿ ತೋರಿಸಲಿಲ್ಲ. ತಳದಾಗ ಕುದುರಿ ಇಟ್ಟ, ಮ್ಯಾಲ ಕುದುರಿ ಇಲ್ಲದ ವೀರನ್ನ ಇಟ್ಟ. ಆ ಕುದುರಿ ಆಮ್ಯಾಲ ಏನಾತು ಅಂತ ನಾ ಹುಡುಗ ಇದ್ದಾಗಿಂದ ಕೇಳಿಕೋತ ಬಂದೇನಿ. ಗೆದ್ದವರು ಹಿಡಕೊಂಡು ಹೋದರೋ, ಹೊಟ್ಟಿಗೆ ಈಟಿ ಹೊಕ್ಕು ಅಲ್ಲೇ ಬಿತ್ತೋ. ಕಲ್ಲು ಹೇಳಂಗಿಲ್ಲ.

— ಬಿಟ್ಟು ಹೋಗೂ ಅಂತಾದ್ದಲ್ಲ ಅದು, ಅಷ್ಟು ತುಟ್ಟಿ ಇತ್ತು. ನಮ್ಮ ನೆಲದಾಗ ಒಳ್ಳೆ ತಳಿ ನಿಲ್ಲಲಿಲ್ಲ. ಅರಬಸ್ತಾನದಿಂದ, ಹೊರ್ಮುಜಿನಿಂದ ಹಡಗಿನ್ಯಾಗ ಬರಬೇಕು. ವಿಜಯನಗರದ ಸಾಳುವ ನರಸಿಂಹ ದಾರ್‍ಯಾಗ ಸತ್ತ ಕುದುರಿಗೂ ರೊಕ್ಕ ಕೊಡತಿದ್ದ, ಬಾಲ ಕೊಯ್ದು ತಂದು ತೋರಿಸಿದ್ರ ಸಾಕಿತ್ತು ಅಂತ ನೂನಿಜ್ ಅನ್ನೂ ಪೋರ್ಚುಗೀಸ ವ್ಯಾಪಾರಿ ಬರದಿಟ್ಟಾನ. ಅವನಿಗಿಂತ ಮೊದಲು ಮಾರ್ಕೊ ಪೋಲೊ ತಮಿಳರ ಸೀಮಿ ನೋಡಿ, ಇಲ್ಲಿ ವರ್ಷ ವರ್ಷ ಸಾವಿರಗಟ್ಲೆ ಕುದುರಿ ತರಸತಾರ, ನೋಡಿಕೊಳ್ಳೂ ರೀತಿ ಗೊತ್ತಿಲ್ಲದ್ದಕ್ಕ ಅವು ಸಾಯತಾವ ಅಂತ ಬರದಾನ.

— ಅದು ಬರೋಬ್ಬರಿ ಮಾತು. ರೊಕ್ಕ ಸುರಿದು ತರೂದು, ನೋಡಿಕೊಳ್ಳಾಕ ಬರದ ಕೊಲ್ಲೂದು. ಇದು ನಮ್ಮದಷ್ಟ ರೋಗ ಅಲ್ಲ. ನಿಮ್ಮ ಹುಡುಗರು ಮೊಬೈಲಿನ್ಯಾಗ ನೋಡಿದ, ಅಮೆರಿಕದ ಸೈನಿಕರ ಸ್ಮಶಾನ ಆರ್ಲಿಂಗ್ಟನ್ನಿನ ಕುದುರಿಗಳ ಕತಿ ಪೂರಾ ನೋಡ್ಯಾರೇನು?

— ಆರು ಕುದುರಿ ಕೂಡಿ ತೋಪಿನ ಗಾಡಿ ಎಳೀತಾವ, ಅದರ ಮ್ಯಾಲ ಧ್ವಜ ಹೊದಿಸಿದ ಪೆಟ್ಟಿಗಿ. ಆರಕ್ಕೂ ಜೀನು ಇರತೈತಿ, ಎಡಗಡಿ ಮೂರಕ್ಕ ಮಾತ್ರ ಸವಾರರು. ಬಲಗಡೆಯವು ಹಿಂದಿನ ಕಾಲಕ್ಕ ಸಾಮಾನು ಹೊರತಿದ್ವಂತ. ಇಷ್ಟು ನೋಡ್ಯಾರ.

— 2022ರ ಫೆಬ್ರವರಿಯಾಗ ನಾಕು ದಿನದ ಒಳಗ ಅಲ್ಲಿ ಎರಡು ಕುದುರಿ ಸತ್ತವು. ಹೊಟ್ಟ್ಯಾಗ ಉಸುಕು, ಗರಸು ತುಂಬಿ ಕರಳು ಕಟ್ಟಿತ್ತು. ಹುಲ್ಲು ಚಲೋ ಇರಲಿಲ್ಲ, ಇದ್ದದ್ದನ್ನೂ ನೆಲದ ಮ್ಯಾಲ ಹಾಕತಿದ್ದರು. ಕುದುರಿ ಆರಿಸಿ ತಿನ್ನಬೇಕಂದ್ರ ಮಣ್ಣೂ ಜೋಡಿ ಹೋಗತೈತಿ. ಕುದುರಿಗೆ ವಾಂತಿ ಆಗಂಗಿಲ್ಲ ತಂಗಿ. ಒಳಗ ಹೋದದ್ದು ಬಾಯಿಂದ ತಿರುಗಿ ಬರೂ ದಾರಿನ ಅದಕ್ಕಿಲ್ಲ. ಮಗ್ಗಲು ತಿರುಗಿ ತನ್ನ ಹೊಟ್ಟಿ ತಾನ ನೋಡಿಕೋತೈತಿ, ಮುಂಗಾಲಿನಿಂದ ನೆಲಾ ಕೆರೀತೈತಿ, ಬಿದ್ದು ಹೊರಳತೈತಿ. ನಾ ಗುಡ್ಡದ ಮ್ಯಾಲ ಅಂತಾದ್ದರ ಹಗ್ಗ ಹಿಡಿದು ರಾತ್ರಿ ಪೂರಾ ನಡಿಸೇನಿ. ಕೂಡ್ರಾಕ ಬಿಡಬಾರದು. ಅದು ಮನಿಷ್ಯಾನ ಮುಖ ನೋಡತೈತಿ. ಆ ನೋಟ ಒಂದ ಸಲ ನೋಡಿದವನು ಕುದುರಿ ಮೇವಿನ ವಿಷಯದಾಗ ಸಡಿಲ ಬಿಡಂಗಿಲ್ಲ.

— ಆಮ್ಯಾಲ ಏನಾತ್ರಿ ಅಲ್ಲಿ?

— ತಪಾಸಣಿ ಆತು. ಜಾಗಾ ಸಾಲದು, ಬೆನ್ನಿಗೆ ಹೊಂದದ ಹಳೇ ಜೀನು, ಭಾರದ ಗಾಡಿ, ನೋಡಿಕೊಳ್ಳವರಿಗೆ ಪೂರಾ ತರಬೇತಿ ಇಲ್ಲ, ಇವೆಲ್ಲಾ ಹೊರಗ ಬಂದವು. 2023ರ ಮೇದಾಗ ಕುದುರಿ ಗಾಡಿ ಪೂರ್ತಿ ನಿಲ್ಲಿಸಿದರು. ಹೊಸಾ ಕುದುರಿ, ಹೊಸಾ ಜೀನು, ಹೊಸಾ ತರಬೇತಿ ಅಂತ ಮಾಡಿ ತಿರುಗಿ ಶುರು ಮಾಡೂದರಾಗ 2025ರ ಜೂನು ಬಂತು. ಈ ನಡುವ ಸತ್ತ ಸೈನಿಕರಿಗೆ ಗೌರವ ಕಡಿಮಿ ಆತೇನು? ಆಗಲಿಲ್ಲ. ನನ್ನ ಕೇಳಿದ್ರ ಆ ಎರಡು ವರ್ಷ ಕುದುರಿ ಹೊರಗ ತರದ ಇದ್ದದ್ದ ದೊಡ್ಡ ಗೌರವ. ಅಷ್ಟು ಶ್ರೀಮಂತ ಸೈನ್ಯದ ಕೈಲಿ ಆಗದ್ದು ನಮ್ಮ ಹುಡುಗರ ಕೈಲಿ ಒಂದು ವಾರದಾಗ ಆಗತೈತಿ ಅಂತೀಯೇನು?

— ಆಗಂಗಿಲ್ಲ ಅಂತನ ನಿಮ್ಮ ಹಂತ್ಯಾಕ ಬಂದೇನಿ ಕಾಕಾ. ಆದ್ರ ಕುದುರಿ ಇಲ್ಲದ ಗೌರವ ಪೂರ್ತಿ ಆಗೂದಾದ್ರ ಮನಿಷ್ಯಾ ಯಾಕ ತಿರುತಿರುಗಿ ಕುದುರಿ ಹುಡಿಕ್ಯಾನ? 2022ರ ಸೆಪ್ಟೆಂಬರಿನ್ಯಾಗ ಇಂಗ್ಲೆಂಡಿನ ರಾಣಿಯ ಪೆಟ್ಟಿಗಿ ವಿಂಡ್ಸರ್ ಅರಮನಿಗೆ ಬಂದಾಗ ರಸ್ತಾ ಮಗ್ಗಲಕ ಆಕಿಯ ಕುದುರಿ ಎಮ್ಮಾ ನಿಂತಿತ್ತು. ವಯಸ್ಸಾದ ಸಣ್ಣ ಕುದುರಿ, ಮ್ಯಾಲ ಖಾಲಿ ಜೀನು, ಜೀನಿನ ಮ್ಯಾಲ ರಾಣಿಯ ತಲಿವಸ್ತ್ರ. ಅಷ್ಟು ದೊಡ್ಡ ಮೆರವಣಿಗ್ಯಾಗ ನನಗ ನೆನಪ ಉಳದದ್ದು ಅದೊಂದು.

— ಎಮ್ಮಾ ನಡದಿತ್ತೇನು ಮೆರವಣಿಗ್ಯಾಗ?

— ಇಲ್ಲ. ಹುಲ್ಲಿನ ಮ್ಯಾಲ ನಿಂತಿತ್ತು. ಅದನ್ನ ನೋಡಿಕೊಳ್ಳವರು ಮಗ್ಗಲಕ ನಿಂತಿದ್ದರು.

— ನಿಂತಿತ್ತು. ತನಗ ಗೊತ್ತಿದ್ದವರ ಜೋಡಿ, ತನಗ ಗೊತ್ತಿದ್ದ ಜಾಗಾದಾಗ ನಿಂತಿತ್ತು. ಅದ ರಾಣಿಯ ಗಾಡಿ ಎಳದವರು ನೌಕಾಪಡೆಯ ಮಂದಿ. ಅದು ಹೆಂಗ ಶುರು ಆತು ಗೊತ್ತೈತೇನು? 1901ರಾಗ ವಿಕ್ಟೋರಿಯಾ ರಾಣಿ ಸತ್ತಾಗ ಅದ ವಿಂಡ್ಸರಿನ್ಯಾಗ ಕುದುರಿಗಳು ಕೊರಿಯೂ ಚಳ್ಯಾಗ ನಿಂತು ನಿಂತು ಬ್ಯಾಸತ್ತು ಜಗ್ಗ್ಯಾಡಿದವು, ಮಿಣಿ ಹರೀತು. ಅಲ್ಲೇ ಇದ್ದ ನೌಕಾಪಡೆಯವರು ಹಗ್ಗ ಹಾಕಿ ಗಾಡಿ ಎಳದರು. ಅವತ್ತಿಂದ ಅದ ಪದ್ಧತಿ ಆತು. ಕುದುರಿ ತನಗ ಆಗಂಗಿಲ್ಲ ಅಂತ ತನ್ನ ಭಾಷೆದಾಗ ಹೇಳಿತು, ಮನಿಷ್ಯಾ ಹೆಗಲು ಕೊಟ್ಟ. ನಮ್ಮಲ್ಲಿ 1948ರಾಗ ಗಾಂಧೀಜಿಯವರ ದೇಹ ಇಟ್ಟ ಸೈನ್ಯದ ಗಾಡಿ ಇಂಜಿನ್ ಬಂದ್ ಮಾಡಿ, ಭೂಸೇನೆ ನೌಕಾಪಡೆ ವಾಯುಪಡೆಯ ಮಂದಿ ಹಗ್ಗ ಹಿಡಿದು ಎಳದರು. ನನಗ ಕುದುರಿ ಗಾಡಿಗಿಂತ ಅದು ಹೆಚ್ಚು ಒಪ್ಪಿಗಿ ಆಗತೈತಿ. ಭಾರ ಹೊರೂದು ಸತ್ತವನ ಜೋಡಿದಾರರ ಕೆಲಸ.

— ಜೋಡಿದಾರ ಅಂದ್ರ ಕುದುರಿನೂ ಅಲ್ಲೇನ್ರಿ? 1918ರ ಸೆಪ್ಟೆಂಬರ್ 23ಕ್ಕ ಹೈಫಾದಾಗ ಮೈಸೂರು ಲ್ಯಾನ್ಸರ್ಸ್, ಜೋಧಪುರ ಲ್ಯಾನ್ಸರ್ಸ್ ಮಷಿನ್ ಗನ್ನಿನ ಎದುರು ಈಟಿ ಹಿಡಿದು ನುಗ್ಗಿದರು. ನಮ್ಮ ಕಡೆ ಎಂಟು ಮಂದಿ ಸತ್ತರು. ಕುದುರಿ ಅರವತ್ತು. ದಿಲ್ಲಿಯ ತೀನ್ ಮೂರ್ತಿ ಒಳಗ ಜೋಧಪುರ, ಹೈದರಾಬಾದ್, ಮೈಸೂರು ಅಂತ ಮೂರು ಸೈನಿಕರು ನಿಂತಾರ. ಬೆಂಗಳೂರಿನ ಜೆ.ಸಿ. ನಗರದಾಗೂ ಸ್ಮಾರಕ ಐತಿ. ತೀನ್ ಮೂರ್ತಿಯಾಗ ಸವಾರರು ಕೆಳಗ ನಿಂತಾರ, ಕುದುರಿ ಒಂದೂ ಇಲ್ಲ. ಅರವತ್ತು ಕುದುರಿ ಎಲ್ಲಿ ಹೋದವು? ನಮ್ಮ ಅಗಸಿ ಕಲ್ಲು ಕೆತ್ತಿದವ ಆ ತಪ್ಪು ಮಾಡಲಿಲ್ಲ.

— ಇದನ್ನ ನಾ ಒಪ್ಪತೀನಿ. ಆ ಮೊದಲನೇ ಮಹಾಯುದ್ಧ ಮುಗದ ಮ್ಯಾಲ ಕುದುರಿಗಳ ಗತಿ ಇನ್ನೂ ಕೆಟ್ಟದಾತು. ಆಸ್ಟ್ರೇಲಿಯಾದವರು ಲಕ್ಷದ ಮ್ಯಾಲ ಕುದುರಿ ಕಳಿಸಿದ್ದರು. ತಿರುಗಿ ತಾಯ್ನಾಡು ಕಂಡದ್ದು ಸ್ಯಾಂಡಿ ಅನ್ನೂದು ಒಂದ. ನಮ್ಮ ಸಂಸ್ಥಾನಗಳ ಅಶ್ವದಳದ್ದು ಸ್ವಲ್ಪ ಚಲೋ ಆತು. 1953ರಾಗ ಮೈಸೂರು ಲ್ಯಾನ್ಸರ್ಸ್ ಸುದ್ದಾ ಕೂಡಿಸಿ 61ನೇ ಕ್ಯಾವಲ್ರಿ ಮಾಡಿದರು, ಕುದುರಿ ಮ್ಯಾಲಿನ ಆ ದಳ ಇವತ್ತಿಗೂ ಐತಿ. 2022ರ ಗಣರಾಜ್ಯೋತ್ಸವದ ದಿನ ರಾಷ್ಟ್ರಪತಿಯವರ ಅಂಗರಕ್ಷಕ ದಳದ ವಿರಾಟ್ ಅನ್ನೂ ಕುದುರಿ ನಿವೃತ್ತಿ ಆತಲ್ಲ, ರಾಷ್ಟ್ರಪತಿ, ಪ್ರಧಾನಿ ಇಬ್ಬರೂ ಬಂದು ಅದರ ಮೈ ತಟ್ಟಿದರು. ಟಿ.ವಿ. ಮುಂದ ಕುಂತು ನನಗ ಕಣ್ಣಾಗ ನೀರು ಬಂದವು. ನಮ್ಮ ಹೇಸರಗತ್ತಿಗೆ ಹೆಸರೂ ಇರತಿರಲಿಲ್ಲ. ನಂಬರ್. ಅದನ್ನ ಗೊರಸಿನ ಮ್ಯಾಲ ಕಾಯಿಸಿ ಸುಡತಿದ್ದರು. ಗೊರಸು ಬೆಳದಂಗ ನಂಬರ್ ಕೆಳಗ ಜಾರತೈತಿ, ಸವದು ಹೋಗತೈತಿ, ಮತ್ತ ಸುಡಬೇಕು. 1971ರಾಗ ಒಂದು ಹೇಸರಗತ್ತಿ ಪಾಕಿಸ್ತಾನದವರ ಕೈಗೆ ಸಿಕ್ಕಿತ್ತು. ಬೆನ್ನ ಮ್ಯಾಲ ಮಷಿನ್ ಗನ್ನು, ಮದ್ದುಗುಂಡು ಹೊತ್ತು ತಾನ ತಿರುಗಿ ನಮ್ಮ ಕಡೆ ಬಂತು. ಪೆಡೊಂಗಿ ಅಂತ ಅದಕ್ಕ ಹೆಸರಿಟ್ಟದ್ದು ಎಷ್ಟೋ ವರ್ಷದ ಮ್ಯಾಲ. ನಂಬರಿನ್ಯಾಗ ಸತ್ತು ಹೋದವು ಸಾವಿರ ಇರಬೇಕು.

— ನಿಮಗ ಒಂದು ಕಲ್ಲಿನ ಮಾತು ಹೇಳತೀನಿ ಕಾಕಾ. ಮಂಡ್ಯ ಜಿಲ್ಲಾದ ಆತಕೂರಿನದು. ಕ್ರಿ.ಶ. 949-50ರ ಶಾಸನ, ಈಗ ಬೆಂಗಳೂರಿನ ಸರಕಾರಿ ಮ್ಯೂಸಿಯಂದಾಗ ಐತಿ. ಗಂಗರ ಬೂತುಗನ ಕಡೆ ಮಣಲೆರ ಅನ್ನೂ ವೀರ ಇದ್ದ. ತಕ್ಕೋಲದ ಯುದ್ಧದಾಗ ಅವನ ಶೌರ್ಯ ನೋಡಿ ಬೇಕಾದ್ದು ಕೇಳು ಅಂದಾಗ ಕಾಳಿ ಅನ್ನೂ ನಾಯಿ ಕೊಡ್ರಿ ಅಂದ. ಆ ನಾಯಿ ಕಾಡಹಂದಿ ಜೋಡಿ ಹೋರಾಡಿ ಸತ್ತಿತು, ಹಂದಿನೂ ಸತ್ತಿತು. ನಾಯಿಗೆ ಕಲ್ಲು ನಿಲ್ಲಿಸಿದ. ನಿಲ್ಲಿಸಿ ಸುಮ್ಮನಾಗಲಿಲ್ಲ. ಕಲ್ಲಿನ ಪೂಜಿಗೆ ಭೂಮಿ ಬಿಟ್ಟ. ಪೂಜಿ ಮಾಡೂ ಗೊರವ ಆ ಕಲ್ಲಿಗೆ ಪೂಜಿ ಆಗದ ಉಂಡರ ಪಾಪ ಅಂತ ಬರಿಸಿದ. ದುಃಖಕ್ಕ ಕಲ್ಲು ಒಂದ ಸಾಲಲಿಲ್ಲ ಅವಗ, ದಿನಾ ನೋಡಿಕೊಳ್ಳವ ಒಬ್ಬ ಬೇಕಾಗಿತ್ತು.

— ಸೈನ್ಯದಾಗ ನಮಗ ಮೊದಲನೇ ದಿನ ಕಲಿಸಿದ್ದು ಅದ. ಮೊದಲು ಪ್ರಾಣಿಗೆ ನೀರು, ಮೇವು. ಆಮ್ಯಾಲ ನಿಮ್ಮ ಚಹಾ. ಮಂಜು ಬೀಳೂ ಕಡೆ, ಕೈಬೆರಳು ಸೆಟದಿದ್ರೂ ಬೆನ್ನಿನ ಬಿಗಿ ಬಿಚ್ಚಿ, ಕೆಳಗ ಕೈ ಹಾಕಿ ನೋಡಬೇಕು. ಎಲ್ಲೆ ಬಿಸಿ ಹತ್ತತೈತಿ, ಎಲ್ಲೆ ಕೂದಲು ತಿರುಗಿ ನಿಂತಾವ, ಅಲ್ಲಿ ನಾಳೆ ಹುಣ್ಣು. ಬೆನ್ನು ನೋಡದ ಮಲಗಿದವಗ ಮರುದಿನ ಸಾಮಾನು ತಾನ ಹೊರೂ ಪಾಳಿ ಬರತಿತ್ತು. ಶಿಕ್ಷಾ ಅಂತ ಅಲ್ಲ, ಪ್ರಾಣಿ ಬೆನ್ನಿಗೆ ಹುಣ್ಣಾತು, ಇನ್ನ ಯಾರು ಹೊರಬೇಕು?

— ಇದನ್ನ ಹುಡುಗರಿಗೆ ನೀವ ಹೇಳಬೇಕು. ಅವರ ಮನಸ್ಸು ಕೆಟ್ಟದ್ದಲ್ರಿ. 2016ರಾಗ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಅಂತ್ಯಸಂಸ್ಕಾರ ಟಿ.ವಿ.ಯಾಗ ನೋಡಿದಾಗ ಇವರು ಸಣ್ಣ ಸಾಲಿ ಹುಡುಗರು. ಸಿಯಾಚಿನ್ನಿನ ಹಿಮದ ಕೆಳಗ ಆರು ದಿನ ಜೀವ ಹಿಡಕೊಂಡಿದ್ದ ಮನಿಷ್ಯಾ. ದಿಲ್ಲಿಯಾಗ ಫೆಬ್ರವರಿ 11ಕ್ಕ ತೀರಿಕೊಂಡರು. ಊರಿಗೆ ಊರ ಅತ್ತಿತು. ಆ ಹುಡುಗರ ತಲ್ಯಾಗ ಅದು ಕುಂತೈತಿ. ಕುಶಾಲತೋಪು, ಧ್ವಜ, ಭಾಷಣ ಎಲ್ಲಾ ಮುಗದ ಮ್ಯಾಲ ಇನ್ನೂ ಏನೋ ಹೇಳೂದು ಉಳೀತು ಅಂತ ಅವರಿಗೆ ಅನಸತೈತಿ. ಖಾಲಿ ಜೀನು ನೋಡಿದಾಗ ಇದ ನಾವು ಹೇಳಬೇಕಂದದ್ದು ಅಂತ ಅವರಿಗೆ ತಿಳೀತು.

— ತಿಳದದ್ದು ಖರೆ. ಭಾಷಣದಾಗ ಸತ್ತವ ಅಮರ ಆಗತಾನ. ಖಾಲಿ ಜೀನು ಹಂಗ ಹೇಳಂಗಿಲ್ಲ. ಅವ ಇಲ್ಲ ಅಂತಷ್ಟ ಹೇಳತೈತಿ. ಮನ್ಯಾಗಿನವರಿಗೆ ಗೊತ್ತಿರೂ ಸತ್ಯ ಅದೊಂದ. ಅದಕ್ಕ ನನಗೂ ಅದರ ಮ್ಯಾಲ ಪ್ರೀತಿ ಐತಿ. ಪ್ರೀತಿ ಐತಿ ಅಂತನ ಬಾಡಿಗಿ ಕುದುರಿ ಬ್ಯಾಡ ಅಂತೀನಿ. ನಮ್ಮ ಅಗಸಿ ಕಲ್ಲು ಈಗ ಎಲ್ಲೈತಿ?

— ಆಲಮಟ್ಟಿ ಹಿನ್ನೀರಿಗೆ ಊರು ಎತ್ತಿದಾಗ ಟ್ರ್ಯಾಕ್ಟರಿನ್ಯಾಗ ಹೇರಿಕೊಂಡು ಬಂದಿದ್ರಲ್ರಿ. ಪುನರ್ವಸತಿ ಊರಾಗ ನೀರಿನ ಟಾಕಿ ಹಿಂದ ನೆಟ್ಟಾರ.

— ತಳದ ಪಟ್ಟಿ ಕಾಣತೈತೇನು?

— ಇಲ್ಲ. ಅರ್ಧಕ್ಕ ಹುಗದಾರ. ನಡುವಿನ ಪಟ್ಟಿಯಿಂದ ಮ್ಯಾಲ ಅಷ್ಟ ಕಾಣತೈತಿ. ಈಗಿನ ಹುಡುಗರು ಆ ಕುದುರಿನ ನೋಡೇ ಇಲ್ಲ.

— ಹಂಗಾದ್ರ ಅದನ್ನ ಎತ್ತಸ್ರಿ. ಜುಲೈ 26ಕ್ಕ ಮೆರವಣಿಗಿ ಹೊರಟು ಬಂದು ಮುಟ್ಟೂದು ಆ ಕಲ್ಲಿನ ಮುಂದ ಇರಲಿ. ಆದರ ನೀವ ನೀವ ಗುದ್ದಲಿ ಹಾಕಬ್ಯಾಡ್ರಿ. ಮೊದಲು ಪುರಾತತ್ವ ಇಲಾಖೆಗೆ ಒಂದು ಅರ್ಜಿ ಕೊಡ್ರಿ, ಪಂಚಾಯ್ತಿದ್ದೂ ಸಹಿ ಇರಲಿ. ಜೆ.ಸಿ.ಬಿ. ಹಲ್ಲು ಕಲ್ಲಿಗೆ ಹತ್ತಬಾರದು, ಹತ್ತಿತಂದ್ರ ಗೆಜ್ಜಿಸರ ಹೋತು. ಇಳಕಲ್ಲಿನ ಗ್ರಾನೈಟ್ ಕ್ವಾರಿಯಾಗ ದುಡದವರು ನಮ್ಮೂರಾಗ ಇದ್ದೇ ಅದಾರ. ಕಲ್ಲಿಗೆ ಗೋಣಿಚೀಲ ಸುತ್ತಿ, ಬೆಲ್ಟ್ ಹಾಕಿ, ಚೈನ್ ಪುಲ್ಲಿಯಿಂದ ಎತ್ತೂದು ಅವರಿಗೆ ಗೊತ್ತು. ಎತ್ತಿದ ಮ್ಯಾಲ ಆಯಿಲ್ ಪೇಂಟ್ ಹಚ್ಚಬ್ಯಾಡ್ರಿ, ಸಿಮೆಂಟ್ ಬಳೀಬ್ಯಾಡ್ರಿ. ನೀರಾಗ ತೊಳದು ಬಿಡ್ರಿ ಸಾಕು.

— ಎಲ್ಲಾ ಮಾಡತೀವಿ. ಆದ್ರ ಕುದುರಿ ಮಾತು ನಾ ಬಿಡಂಗಿಲ್ಲ ಕಾಕಾ. ಕಲ್ಲು ಓದಾಕ ಬರದವರಿಗೂ ಜೀವಂತ ಕುದುರಿ ತಿಳೀತೈತಿ. ನಿಮ್ಮವ್ವಗ ತಿಳದಂಗ. ಎಮ್ಮಾ ನಿಂತಂಗ ಕಲ್ಲಿನ ಮಗ್ಗಲಕ ನಿಲ್ಲಿಸಿದ್ರ? ನಡಸೂದು ಬ್ಯಾಡ.

— ಡಿ.ಜೆ.?

— ಇರಂಗಿಲ್ಲ.

— ಪಟಾಕಿ?

— ಹುಡುಗರ ಹಂತ್ಯಾಕ ಮಾತು ತಗೋತೀನಿ.

— ಮಾತು ಸಾಲದು, ಪಟಾಕಿ ರೊಕ್ಕ ಮೊದಲ ತಗೊಂಡು ಮೇವಿಗೆ ಹಾಕು. ಮುಂಜಾನೆ ಬಿಸಲು ಏರೂದರಾಗ ಮುಗಿಸಬೇಕು. ಡಾಂಬರಿನ ಮ್ಯಾಲ ಅಲ್ಲ, ಮಣ್ಣಿನ ಮ್ಯಾಲ ನೆರಳಾಗ ನಿಲ್ಲಸಬೇಕು. ಬಾಯಿಗೆ ಮುಳ್ಳಿನ ಕಡಿವಾಣ ಇರಬಾರದು. ಲಗಾಮು ಅದಕ್ಕ ದಿನಾ ಮೇವು ಹಾಕವನ ಕೈಯಾಗ ಇರಬೇಕು, ನಿಮ್ಮ ಹುಡುಗರ ಕೈಯಾಗ ಅಲ್ಲ. ಹಿಂದಿನ ದಿನ ರಾತ್ರಿ ಅದು ಮದುವ್ಯಾಗ ದುಡದಿರಬಾರದು. ಆ ದಿನದ ಬಾಡಿಗಿನೂ ನೀವ ಕೊಟ್ಟು ಅದನ್ನ ಲಾಯದಾಗ ಇರಸ್ರಿ. ಸೆಲ್ಫಿ ಅಂತ ಒಬ್ಬ ಮುಂದ ಬಂದ್ರೂ ನಾ ಕುದುರಿ ಬಿಡಿಸಿ ಕಳಸತೀನಿ.

— ಹಂಗಾದ್ರ ಹೂಂ ಅಂದ್ರಿ?

— ಇನ್ನೂ ಅಂದಿಲ್ಲ. ಮಾಲಕನ ಫೋನ್ ನಂಬರ್ ಐತೇನು? ನಾಳೆ ಮುಂಜಾನೆ ಇಳಕಲ್ಲಿಗೆ ಹೋಗೂಣು, ನೀನೂ ಬಾ. ಮೊದಲು ಬೆನ್ನು ನೋಡತೀನಿ, ಆಮ್ಯಾಲ ನಾಕೂ ಕಾಲು ಎತ್ತಿ ಗೊರಸು ನೋಡತೀನಿ. ನಾಲು ಸವದಿದ್ರ ಹೊಸಾ ನಾಲು ಕಟ್ಟಿಸಿ ಕೊಡೂಣು, ಮೆರವಣಿಗಿಗೆ ಬರಲಿ ಬಿಡಲಿ. ಬೆನ್ನಿಗೆ ಹುಣ್ಣಿತ್ತಂದ್ರ ಅದರ ಮ್ಯಾಲ ಜೀನು ಬೀಳಂಗಿಲ್ಲ, ಖಾಲಿ ಇದ್ರೂ ಬೀಳಂಗಿಲ್ಲ. ಹುಡುಗರಿಗೆ ಇದನ್ನೂ ಹೇಳಿಟ್ಟಿರು.